ಪ್ರಶ್ನೆ ಕೇಳಲು ಕಲಿಸಿದ ಮೇಷ್ಟ್ರು: 22ಕ್ಕೇ ಮುಗಿದ ಡೆರೋಜಿಯೊ ಬದುಕು

1831ರ ಏಪ್ರಿಲ್ 23, ಶನಿವಾರ. ಕಲ್ಕತ್ತೆಯ ಹಿಂದೂ ಕಾಲೇಜಿನ ಆಡಳಿತ ಮಂಡಳಿ ವಿಶೇಷ ಸಭೆ ಸೇರಿತ್ತು. ಚರ್ಚೆಗೆ ಬಂದದ್ದು ಒಬ್ಬ ಮೇಷ್ಟ್ರ ವಿಷಯ. ಐದು ದಿನಗಳ ಹಿಂದಷ್ಟೇ ಆ ಮೇಷ್ಟ್ರಿಗೆ 22 ವರ್ಷ ತುಂಬಿತ್ತು. ಹುಡುಗರ ತಲೆ ಕೆಡಿಸುತ್ತಿದ್ದಾರೆ, ಮನೆತನದ ಆಚಾರ ವಿಚಾರಗಳಿಗೆ ಬೆನ್ನು ತಿರುಗಿಸಲು ಕಲಿಸುತ್ತಿದ್ದಾರೆ ಎಂಬುದು ಅವರ ಮೇಲಿದ್ದ ಆರೋಪ. ಆರೋಪ ಹೊತ್ತವರನ್ನು ಸಭೆಗೆ ಕರೆದಿರಲಿಲ್ಲ. ಅವರ ಉತ್ತರವನ್ನು ಯಾರೂ ಕೇಳಲಿಲ್ಲ. ಸಭೆ ಮುಗಿಯುವ ಹೊತ್ತಿಗೆ ಅವರ ಕೆಲಸ ಹೋಗಿತ್ತು.

ಆ ಮೇಷ್ಟ್ರ ಹೆಸರು ಹೆನ್ರಿ ಲೂಯಿ ವಿವಿಯನ್ ಡೆರೋಜಿಯೊ. ಇಂಗ್ಲಿಷಿನಲ್ಲಿ ಬರೆದ ಮೊದಲ ಭಾರತೀಯ ಕವಿಗಳಲ್ಲಿ ಒಬ್ಬರೆಂದು ಪಠ್ಯಪುಸ್ತಕಗಳಲ್ಲಿ ನಾವು ಇವರ ಹೆಸರು ಓದಿರುತ್ತೇವೆ. ಪದ್ಯ ಕಂಠಪಾಠ ಮಾಡಿ, ಪರೀಕ್ಷೆ ಬರೆದು ಮರೆತಿರುತ್ತೇವೆ. ಆದರೆ ಕಾಲೇಜಿನ ಆವರಣದಲ್ಲಿ ವಿದ್ಯಾರ್ಥಿಗಳು ಏನು ಮಾತನಾಡಬಹುದು, ಏನು ಮಾತನಾಡಬಾರದು, ಅದನ್ನು ತೀರ್ಮಾನಿಸುವವರು ಯಾರು ಎಂಬ ಜಗಳ ಆಧುನಿಕ ಭಾರತದಲ್ಲಿ ಮೊದಲು ದೊಡ್ಡದಾಗಿ ಎದ್ದದ್ದು ಇವರ ಸುತ್ತಲೇ. ಇವತ್ತು ಟಿವಿ ಚರ್ಚೆಗಳಲ್ಲಿ ಕೇಳಿಬರುವ ವಾದಗಳಲ್ಲಿ ಹೆಚ್ಚಿನವು ಅಂದೇ ಆ ಕಾಲೇಜಿನಲ್ಲಿ ಕೇಳಿಬಂದಿದ್ದವು.

ಡ್ರಮಂಡ್ ಶಾಲೆಯ ಹುಡುಗ

ಡೆರೋಜಿಯೊ ಹುಟ್ಟಿದ್ದು 1809ರ ಏಪ್ರಿಲ್ 18ರಂದು, ಕಲ್ಕತ್ತೆಯ ಎಂಟಾಲಿ ಪ್ರದೇಶದಲ್ಲಿ. ತಂದೆ ಫ್ರಾನ್ಸಿಸ್ ಪೋರ್ಚುಗೀಸ್ ಮೂಲದ ಮನೆತನದವರು. ಒಂದು ವ್ಯಾಪಾರಿ ಸಂಸ್ಥೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ದೊಡ್ಡ ಹುದ್ದೆಯಲ್ಲಿದ್ದರು. ತಾಯಿ ಸೋಫಿಯಾ ಇಂಗ್ಲಿಷ್ ಮೂಲದವರು. ಹುಡುಗನಿಗೆ ಆರು ವರ್ಷವಾಗಿದ್ದಾಗ ತಾಯಿ ತೀರಿಕೊಂಡರು.

ಇಂಥ ಮಿಶ್ರ ಮನೆತನಗಳ ಜನರನ್ನು ಆಗ ಈಸ್ಟ್ ಇಂಡಿಯನ್ನರು ಎನ್ನುತ್ತಿದ್ದರು. ಅವರು ಅತ್ತ ಸಾಹೇಬರೂ ಅಲ್ಲ, ಇತ್ತ ದೇಶೀಯರೂ ಅಲ್ಲ. ಕಂಪನಿ ಸರ್ಕಾರದ ಒಳ್ಳೆಯ ಹುದ್ದೆಗಳು ಅವರಿಗೆ ಮುಚ್ಚಿದ್ದವು. ಎರಡೂ ಕಡೆಯವರು ದೂರ ಇಡುತ್ತಿದ್ದ ಸಮುದಾಯದಲ್ಲಿ ಬೆಳೆದ ಹುಡುಗ ಮುಂದೆ ಭಾರತವನ್ನೇ ತನ್ನ ತಾಯ್ನಾಡೆಂದು ಕರೆದು ಪದ್ಯ ಬರೆದ. ದೇಶಪ್ರೇಮ ಎಂಬ ಮಾತು ನಮ್ಮ ಸಭೆ ಸಮಾರಂಭಗಳಲ್ಲಿ ಇನ್ನೂ ಬಳಕೆಗೆ ಬಾರದ ಕಾಲವದು.

ಹುಡುಗ ಕಲಿತದ್ದು ಧರ್ಮತಲಾದಲ್ಲಿ ಡೇವಿಡ್ ಡ್ರಮಂಡ್ ಎಂಬ ಸ್ಕಾಟ್ಲೆಂಡಿನ ಮೇಷ್ಟ್ರು ನಡೆಸುತ್ತಿದ್ದ ಶಾಲೆಯಲ್ಲಿ. ಡ್ರಮಂಡ್ ಸ್ವತಂತ್ರ ವಿಚಾರದ ಮನುಷ್ಯ. ಯಾವುದೇ ಮಾತನ್ನು ದೊಡ್ಡವರು ಹೇಳಿದರು ಎಂಬ ಒಂದೇ ಕಾರಣಕ್ಕೆ ಒಪ್ಪಬಾರದು ಎನ್ನುವ ಸ್ವಭಾವದವರು. ಆ ಶಾಲೆಯಲ್ಲಿ ಯುರೋಪಿಯನ್, ಈಸ್ಟ್ ಇಂಡಿಯನ್, ಭಾರತೀಯ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುತ್ತಿದ್ದರು. ಆರನೇ ವಯಸ್ಸಿನಿಂದ ಹದಿನಾಲ್ಕರವರೆಗೆ ಅಲ್ಲಿ ಕಲಿತದ್ದೇ ಡೆರೋಜಿಯೊಗೆ ಸಿಕ್ಕ ಪೂರ್ತಿ ಔಪಚಾರಿಕ ಶಿಕ್ಷಣ. ಮುಂದೆ ದೇಶದ ಹೆಸರಾಂತ ಕಾಲೇಜಿನಲ್ಲಿ ಪಾಠ ಹೇಳಿದ ಈ ಮೇಷ್ಟ್ರು ತಾವು ಯಾವ ಕಾಲೇಜಿನ ಮೆಟ್ಟಿಲನ್ನೂ ವಿದ್ಯಾರ್ಥಿಯಾಗಿ ಹತ್ತಿದವರಲ್ಲ.

ಗಂಗೆಯ ದಡದಲ್ಲಿ ಕವಿ

ಶಾಲೆ ಬಿಟ್ಟ ಹುಡುಗ ಮೊದಲು ತಂದೆ ಇದ್ದ ಸಂಸ್ಥೆಯಲ್ಲೇ ಗುಮಾಸ್ತನಾದ. ಲೆಕ್ಕದ ಪುಸ್ತಕ ಹಿಡಿಸಲಿಲ್ಲ. ಬಿಹಾರದ ಭಾಗಲ್ಪುರಕ್ಕೆ, ಬಂಧುಗಳ ನೀಲಿ ಬಣ್ಣದ ಕಾರ್ಖಾನೆಗೆ ಹೋದ. ಅಲ್ಲಿ ಎದುರಿಗೇ ಗಂಗೆ. ನದಿಯ ನಡುವೆ ಜಂಗೀರಾ ಎಂಬ ಬಂಡೆಗಲ್ಲಿನ ದ್ವೀಪ, ಅದರ ಮೇಲೆ ಫಕೀರರ ವಾಸ, ದಡದಲ್ಲಿ ಘಾಟುಗಳು, ಚಿತೆಗಳು. ಕಾರ್ಖಾನೆಯ ಕೆಲಸದ ನಡುವೆ ಪದ್ಯ ಹುಟ್ಟತೊಡಗಿದವು. ಅವನ್ನು ಕಲ್ಕತ್ತೆಯ 'ಇಂಡಿಯಾ ಗೆಜೆಟ್' ಪತ್ರಿಕೆಗೆ ಕಳಿಸಿದ. ಸಂಪಾದಕ ಡಾ. ಜಾನ್ ಗ್ರಾಂಟ್ ಪ್ರಕಟಿಸಿದ್ದಲ್ಲದೆ, ಹುಡುಗನ ಬೆನ್ನು ತಟ್ಟಿ ಕಲ್ಕತ್ತೆಗೆ ಬರಲು ಪ್ರೋತ್ಸಾಹ ಕೊಟ್ಟರು.

1827ರಲ್ಲಿ ಮೊದಲ ಕವನ ಸಂಕಲನ ಬಂತು. ಮರುವರ್ಷ ಬಂದ 'ದಿ ಫಕೀರ್ ಆಫ್ ಜಂಗೀರಾ' ದೊಡ್ಡ ಕಥನ ಕಾವ್ಯ. ಸತಿ ಹೋಗಲು ಚಿತೆಯ ಬಳಿ ನಿಂತ ಯುವ ವಿಧವೆಯನ್ನು ದರೋಡೆಕೋರ ಫಕೀರನೊಬ್ಬ ಬಿಡಿಸಿಕೊಂಡು ಹೋಗುವುದು, ಕೊನೆಗೆ ಅವನೂ ಸಾಯುವುದು ಅದರ ಕಥೆ. ಸತಿ ಪದ್ಧತಿಯನ್ನು ನಿಷೇಧಿಸುವ ಕಾನೂನು ಬರಲು ಆಗಿನ್ನೂ ಒಂದು ವರ್ಷ ಬಾಕಿ ಇತ್ತು.

ಹದಿನೇಳರ ಮೇಷ್ಟ್ರು, ಹದಿಮೂರರ ಶಿಷ್ಯರು

ಈ ನಡುವೆ 1826ರಲ್ಲಿ ಡೆರೋಜಿಯೊಗೆ ಹಿಂದೂ ಕಾಲೇಜಿನಲ್ಲಿ ಕೆಲಸ ಸಿಕ್ಕಿತ್ತು. ವಯಸ್ಸು 17. ಕಲಿಸಬೇಕಿದ್ದುದು ಇಂಗ್ಲಿಷ್ ಸಾಹಿತ್ಯ ಮತ್ತು ಇತಿಹಾಸ.

ಹಿಂದೂ ಕಾಲೇಜಿನ ಬಗ್ಗೆ ಒಂದು ಮಾತು ಹೇಳಲೇಬೇಕು. 1817ರ ಜನವರಿ 20ರಂದು ಆರಂಭವಾದ ಈ ಕಾಲೇಜನ್ನು ಕಟ್ಟಿದ್ದು ಸರ್ಕಾರವಲ್ಲ. ಗಡಿಯಾರದ ವ್ಯಾಪಾರಕ್ಕೆ ಬಂದು ಶಿಕ್ಷಣದ ಕೆಲಸಕ್ಕೇ ನಿಂತುಬಿಟ್ಟ ಡೇವಿಡ್ ಹೇರ್ ಅವರಂಥವರ ಒತ್ತಾಸೆಯಿಂದ ಕಲ್ಕತ್ತೆಯ ಸಿರಿವಂತ ಹಿಂದೂ ಕುಟುಂಬಗಳೇ ಚಂದಾ ಎತ್ತಿ ಕಟ್ಟಿದ್ದು. ತಮ್ಮ ಮಕ್ಕಳು ಇಂಗ್ಲಿಷ್ ಮತ್ತು ಪಾಶ್ಚಾತ್ಯ ವಿದ್ಯೆ ಕಲಿಯಬೇಕು, ಆದರೆ ಮನೆತನದ ಧರ್ಮ ಕೆಡಬಾರದು ಎಂಬುದು ಅವರ ಆಸೆ. ಈ ಎರಡು ಆಸೆಗಳ ನಡುವೆ ಎಂದಾದರೊಂದು ದಿನ ಘರ್ಷಣೆಯಾಗುವುದು ಖಚಿತವಿತ್ತು.

ಮೇಷ್ಟ್ರಿಗೂ ವಿದ್ಯಾರ್ಥಿಗಳಿಗೂ ವಯಸ್ಸಿನ ಅಂತರ ನಾಲ್ಕೈದು ವರ್ಷ, ಕೆಲವರಿಗೆ ಅಷ್ಟೂ ಇಲ್ಲ. ಡೆರೋಜಿಯೊ ತರಗತಿಯಲ್ಲಿ ಪುಸ್ತಕ ಓದಿ ಅರ್ಥ ಹೇಳಿ ಹೋಗುವವರಲ್ಲ. ಗಂಟೆ ಹೊಡೆದ ಮೇಲೂ ಮಾತು ಮುಂದುವರಿಯುತ್ತಿತ್ತು. ಅವರ ತರಗತಿಯವರಲ್ಲದ ಹುಡುಗರೂ ಬಂದು ಕೂರುತ್ತಿದ್ದರು. ಅಲ್ಲಿಂದ ಅವರ ಮನೆಗೆ ಹಿಂಬಾಲಿಸುತ್ತಿದ್ದರು. ಓದಲು ಪುಸ್ತಕ ಕೇಳಿ ಒಯ್ಯುತ್ತಿದ್ದರು.

1828ರ ಹೊತ್ತಿಗೆ ಈ ಹರಟೆಗೆ ಒಂದು ರೂಪ ಬಂತು. ಅಕಾಡೆಮಿಕ್ ಅಸೋಸಿಯೇಷನ್ ಎಂಬ ಚರ್ಚಾಕೂಟ ಹುಟ್ಟಿತು. ಮೊದಲು ಡೆರೋಜಿಯೊ ಮನೆಯಲ್ಲಿ, ನಂತರ ಮಾಣಿಕ್‌ತಲಾದಲ್ಲಿ ಶ್ರೀಕೃಷ್ಣ ಸಿಂಹ ಎಂಬುವವರ ತೋಟದ ಮನೆಯಲ್ಲಿ ಸಭೆಗಳು ನಡೆದವು. ಡೆರೋಜಿಯೊ ಅಧ್ಯಕ್ಷ. ಮಾತನಾಡುವವರು ವಿದ್ಯಾರ್ಥಿಗಳು. ಮನುಷ್ಯನಿಗೆ ಸ್ವತಂತ್ರ ಇಚ್ಛೆ ಇದೆಯೇ ಅಥವಾ ಎಲ್ಲವೂ ಹಣೆಬರಹವೇ? ದೇವರಿದ್ದಾನೆ ಎನ್ನಲು ಆಧಾರವೇನು, ಇಲ್ಲ ಎನ್ನಲು ಆಧಾರವೇನು? ವಿಗ್ರಹಾರಾಧನೆ ಸರಿಯೇ? ಪುರೋಹಿತಶಾಹಿಗೆ ಅಷ್ಟು ಅಧಿಕಾರ ಯಾಕೆ? ದೇಶಪ್ರೇಮ ಎಂದರೇನು? ಚರ್ಚೆಯ ವಿಷಯಗಳು ಹೀಗಿದ್ದವು. ಡೇವಿಡ್ ಹೇರ್ ಬಂದು ಹಿಂದಿನ ಸಾಲಿನಲ್ಲಿ ಕೂತು ಕೇಳುತ್ತಿದ್ದರು. ಸುಪ್ರೀಂ ಕೋರ್ಟಿನ ನ್ಯಾಯಾಧೀಶ ಎಡ್ವರ್ಡ್ ರಯಾನ್ ಅವರಂಥವರೂ ಕುತೂಹಲದಿಂದ ಬಂದು ಹೋಗುತ್ತಿದ್ದರು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಡೆರೋಜಿಯೊ ಒಂದೇ ಕಡೆಯ ವಾದ ಕಲಿಸಲಿಲ್ಲ. ದೇವರ ಅಸ್ತಿತ್ವವನ್ನು ಪ್ರಶ್ನಿಸುವ ಡೇವಿಡ್ ಹ್ಯೂಮ್ ಬರಹ ಓದಿಸಿದರೆ, ಅದಕ್ಕೆ ಉತ್ತರ ಕೊಟ್ಟ ಥಾಮಸ್ ರೀಡ್ ಮತ್ತು ಡ್ಯೂಗಲ್ಡ್ ಸ್ಟೀವರ್ಟ್ ಬರಹಗಳನ್ನೂ ಓದಿಸುತ್ತಿದ್ದರು. ತೀರ್ಮಾನ ನಿಮ್ಮದು, ಆದರೆ ಎರಡೂ ಕಡೆ ಕೇಳದೆ ತೀರ್ಮಾನಕ್ಕೆ ಬರಬೇಡಿ ಎಂಬುದು ಅವರ ಪಾಠದ ತಿರುಳು.

ಮೊದಲ ನಿಷೇಧ, ಎರಡನೇ ನಿಷೇಧ

1830ರ ಫೆಬ್ರವರಿಯಲ್ಲಿ ವಿದ್ಯಾರ್ಥಿಗಳು 'ಪಾರ್ಥೆನಾನ್' ಎಂಬ ಇಂಗ್ಲಿಷ್ ಪತ್ರಿಕೆ ಹೊರತಂದರು. ಹೆಣ್ಣುಮಕ್ಕಳ ಶಿಕ್ಷಣ, ಬಡವರ ಕೈಗೆಟಕುವ ನ್ಯಾಯ, ಮೂಢನಂಬಿಕೆ ಇವೆಲ್ಲ ಅದರಲ್ಲಿ ಬಂದವು. ಊರ ಹಿರಿಯರು ಕೆಂಡವಾದರು. ಎರಡನೇ ಸಂಚಿಕೆ ಅಚ್ಚಾಗಿತ್ತು, ಆದರೆ ಓದುಗರ ಕೈ ಸೇರಲಿಲ್ಲ. ಕಾಲೇಜಿನ ಮೇಲ್ವಿಚಾರಣೆ ನೋಡುತ್ತಿದ್ದ ಸಂಸ್ಕೃತ ವಿದ್ವಾಂಸ ಎಚ್.ಎಚ್. ವಿಲ್ಸನ್ ಅದನ್ನು ತಡೆದರು. ವಿದ್ಯಾರ್ಥಿ ಪತ್ರಿಕೆಯೊಂದು ಒಂದೇ ಸಂಚಿಕೆಗೆ ಕಣ್ಣುಮುಚ್ಚಿತು.

ಅದೇ ವರ್ಷ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಡಫ್ ಮತ್ತು ಸಂಗಡಿಗರು ಕಾಲೇಜಿನ ಹತ್ತಿರವೇ ಧರ್ಮದ ಬಗ್ಗೆ ಉಪನ್ಯಾಸ ಮಾಲೆ ಶುರು ಮಾಡಿದರು. ಹಿಂದೂ ಕಾಲೇಜಿನ ಹುಡುಗರು ಅಲ್ಲಿಗೂ ಹೋದರು. ಮತಾಂತರವಾಗಲು ಹೋದವರಲ್ಲ, ವಾದ ಮಾಡಲು ಹೋದವರು. ಪಾದ್ರಿಗಳನ್ನೂ ಅವರು ಪ್ರಶ್ನೆ ಕೇಳದೆ ಬಿಡುತ್ತಿರಲಿಲ್ಲ. ಆದರೆ ಆಡಳಿತ ಮಂಡಳಿ ಗಾಬರಿಯಾಗಿ, ಧಾರ್ಮಿಕ ಮತ್ತು ರಾಜಕೀಯ ಚರ್ಚೆಯ ಸಭೆಗಳಿಗೆ ವಿದ್ಯಾರ್ಥಿಗಳು ಹೋಗಕೂಡದೆಂದು ಆಜ್ಞೆ ಹೊರಡಿಸಿತು. ಕಾಲೇಜಿನ ಹೊರಗೆ, ಪಾಠದ ಸಮಯ ಮುಗಿದ ಮೇಲೆ, ಹುಡುಗ ಯಾರ ಮಾತು ಕೇಳಬೇಕೆಂದು ಹೇಳುವ ಅಧಿಕಾರ ಕಾಲೇಜಿಗೆ ಎಲ್ಲಿಂದ ಬಂತು ಎಂದು 'ಇಂಡಿಯಾ ಗೆಜೆಟ್' ಪತ್ರಿಕೆ ಆಗಲೇ ತಕರಾರು ಎತ್ತಿತ್ತು. ಈ ತಕರಾರಿಗೆ ಹತ್ತಿರ ಹತ್ತಿರ 200 ವರ್ಷ ವಯಸ್ಸಾಯಿತು.

ಊರು ಕುದಿಯುತ್ತಿದ್ದ ಕಾಲ

ಡೆರೋಜಿಯೊ ವಿರುದ್ಧ ನಿಂತವರನ್ನು ಬರೀ ಖಳನಾಯಕರೆಂದು ನೋಡಿದರೆ ಕಥೆ ಅರ್ಥವಾಗುವುದಿಲ್ಲ. 1829ರ ಡಿಸೆಂಬರ್ 4ರಂದು ಗವರ್ನರ್ ಜನರಲ್ ಬೆಂಟಿಂಕ್ ಸತಿ ಪದ್ಧತಿಯನ್ನು ನಿಷೇಧಿಸಿದ್ದ. ಅದನ್ನು ವಿರೋಧಿಸಿ ಧರ್ಮಸಭೆ ಹುಟ್ಟಿತ್ತು. ನಮ್ಮ ಧರ್ಮಕ್ಕೆ ಸರ್ಕಾರ ಕೈಹಾಕುತ್ತಿದೆ, ಪಾದ್ರಿಗಳು ಮಕ್ಕಳನ್ನು ಸೆಳೆಯುತ್ತಿದ್ದಾರೆ ಎಂಬ ಭಯ ಕಲ್ಕತ್ತೆಯ ಮನೆಮನೆಯಲ್ಲೂ ಇತ್ತು. ಧರ್ಮಸಭೆಯ ಮುಂದಾಳು ರಾಧಾಕಾಂತ ದೇವ್ ಅದೇ ಕಾಲೇಜಿನ ಆಡಳಿತ ಮಂಡಳಿಯಲ್ಲಿದ್ದರು. ಅವರು ದೊಡ್ಡ ಸಂಸ್ಕೃತ ಕೋಶ ಕಟ್ಟಿದ ವಿದ್ವಾಂಸರು, ಶಾಲೆಗಳಿಗಾಗಿ ದುಡಿದವರು. ಇನ್ನೊಬ್ಬ ಸದಸ್ಯ ರಾಮಕಮಲ ಸೇನ್ ಇಂಗ್ಲಿಷ್-ಬಂಗಾಳಿ ನಿಘಂಟು ಮಾಡಿದವರು. ಇವರ ಬೆವರು ಮತ್ತು ಹಣದಿಂದಲೇ ಕಾಲೇಜು ನಿಂತಿತ್ತು.

ಹುಡುಗರೂ ಸುಮ್ಮನಿರಲಿಲ್ಲ. ಸಂಧ್ಯಾವಂದನೆ ಬಿಟ್ಟರು. ನಿಷಿದ್ಧ ಆಹಾರ ತಿಂದರು, ಮದ್ಯ ಕುಡಿದರು, ಅದನ್ನು ಊರಿಗೆಲ್ಲ ತಿಳಿಯುವಂತೆ ಮಾಡಿದರು. ದಾರಿಯಲ್ಲಿ ಸಿಕ್ಕ ಆಚಾರವಂತರನ್ನು ರೇಗಿಸಿದರು. ಹದಿಹರೆಯದ ಹುಂಬತನಕ್ಕೂ ವಿಚಾರ ಸ್ವಾತಂತ್ರ್ಯಕ್ಕೂ ಇರುವ ಗೆರೆ ಎಷ್ಟೋ ಸಲ ಅಳಿಸಿಹೋಯಿತು. ತಂದೆತಾಯಿಗಳು ಕಂಗಾಲಾದರು. ಕೆಲವರು ಮಕ್ಕಳನ್ನು ಕಾಲೇಜಿನಿಂದ ಬಿಡಿಸಿದರು. ಹಾಜರಿ ಇಳಿಯಿತು.

ಇದರ ಜೊತೆಗೆ ಗಾಳಿಸುದ್ದಿ. ಮನೆಮನೆ ತಿರುಗಿ ಕಥೆ ಕಟ್ಟುವವರಿಗೆ ಡೆರೋಜಿಯೊ ಒಳ್ಳೆಯ ಸರಕಾದರು. ದೇವರಿಲ್ಲ ಎಂದು ಕಲಿಸುತ್ತಾರಂತೆ, ಅಪ್ಪ ಅಮ್ಮನ ಮಾತು ಕೇಳಬೇಡಿ ಎನ್ನುತ್ತಾರಂತೆ, ಅಣ್ಣ ತಂಗಿ ಮದುವೆಯಾದರೂ ತಪ್ಪಿಲ್ಲ ಎನ್ನುತ್ತಾರಂತೆ. ಇಂಥ ಅಂತೆಕಂತೆಗಳೇ ಕೊನೆಗೆ ಸಭೆಯ ಮುಂದೆ ಬಂದದ್ದು.

ಎರಡು ಪ್ರಶ್ನೆ, ಎರಡು ಮತದಾನ

ಏಪ್ರಿಲ್ 23ರ ಸಭೆಗೆ ರಾಮಕಮಲ ಸೇನ್ ಒಂದು ಪಟ್ಟಿ ತಂದಿದ್ದರು. ಎಲ್ಲ ಕೇಡಿಗೂ ಮೂಲವಾದ ಡೆರೋಜಿಯೊ ಅವರನ್ನು ತೆಗೆಯಬೇಕು. ಹಿಂದೂ ಆಚಾರಗಳಿಗೆ ಬಹಿರಂಗವಾಗಿ ವಿರೋಧ ತೋರಿದ ವಿದ್ಯಾರ್ಥಿಗಳನ್ನೂ ತೆಗೆಯಬೇಕು. ಖಾಸಗಿ ಉಪನ್ಯಾಸ, ಸಭೆಗಳಿಗೆ ಹೋಗುವವರನ್ನು ಹೊರಹಾಕಬೇಕು. ಪಟ್ಟಿಯ ಸಾರ ಇದು.

ಮಂಡಳಿ ಮೊದಲು ಎತ್ತಿಕೊಂಡ ಪ್ರಶ್ನೆ ನೇರವಾದದ್ದು. ಮಕ್ಕಳಿಗೆ ಪಾಠ ಹೇಳಲು ಡೆರೋಜಿಯೊ ಅಯೋಗ್ಯರೇ? ವಿಲ್ಸನ್ ಅವರ ಪ್ರಕಾರ ಡೆರೋಜಿಯೊ ಬಹಳ ಸಮರ್ಥ ಶಿಕ್ಷಕ, ಅವರ ಪಾಠದಿಂದ ಕೆಟ್ಟದ್ದಾಗಿರುವುದನ್ನು ತಾವು ಕಂಡಿಲ್ಲ. ಡೇವಿಡ್ ಹೇರ್ ಅಭಿಪ್ರಾಯವೂ ಅದೇ. ಹೆಚ್ಚಿನ ಸದಸ್ಯರು ತಮಗೆ ನೇರವಾಗಿ ಗೊತ್ತಿಲ್ಲ, ಬರೀ ಕೇಳಿದ ಮಾತಿನ ಮೇಲೆ ಹಾಗೆ ಹೇಳಲಾಗದು ಎಂದರು. ಅಂದರೆ ಆರೋಪ ಸಾಬೀತಾಗಲಿಲ್ಲ.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಮಂಡಳಿ ಎರಡನೇ ಪ್ರಶ್ನೆ ಎತ್ತಿಕೊಂಡಿತು. ಕಲ್ಕತ್ತೆಯ ಹಿಂದೂ ಸಮಾಜದ ಈಗಿನ ಮನಸ್ಥಿತಿ ನೋಡಿದರೆ ಇವರನ್ನು ತೆಗೆಯುವುದು ಸೂಕ್ತವೇ? ಇದು ಹಿಂದೂಗಳ ಭಾವನೆಯ ವಿಷಯ, ನಾವು ಮತ ಹಾಕುವುದಿಲ್ಲ ಎಂದು ವಿಲ್ಸನ್ ಮತ್ತು ಹೇರ್ ಹಿಂದೆ ಸರಿದರು. ರಾಧಾಕಾಂತ ದೇವ್, ರಾಮಕಮಲ ಸೇನ್ ಮತ್ತು ರಾಧಾಮಾಧವ ಬ್ಯಾನರ್ಜಿ ತೆಗೆಯುವುದು ಅಗತ್ಯ ಎಂದರು. ಚಂದ್ರಕುಮಾರ ಠಾಕೂರ್, ರಸಮಯ ದತ್ತ ಮತ್ತು ಪ್ರಸನ್ನಕುಮಾರ ಠಾಕೂರ್ ಅಗತ್ಯವೆನ್ನಲಿಲ್ಲ, ಸೂಕ್ತ ಎಂದರು. ಈ ಪ್ರಸನ್ನಕುಮಾರ ಠಾಕೂರ್ ರಾಜಾ ರಾಮಮೋಹನ ರಾಯರ ಬಳಗದವರು, ಸುಧಾರಣೆಯ ಪಕ್ಷದವರು ಎಂಬುದನ್ನು ನೆನಪಿಡಬೇಕು. ಭಯ ಬರೀ ಸಂಪ್ರದಾಯಸ್ಥರಿಗೆ ಇರಲಿಲ್ಲ.

ಬೇಡ ಎಂದವರು ಒಬ್ಬರೇ. ಅವರು ಶ್ರೀಕೃಷ್ಣ ಸಿಂಹ. ವಿದ್ಯಾರ್ಥಿಗಳ ಚರ್ಚೆಗೆ ತಮ್ಮ ತೋಟದ ಮನೆ ಕೊಟ್ಟಿದ್ದವರು. ಆ ಹುಡುಗರು ಏನು ಮಾತನಾಡುತ್ತಾರೆಂದು ತಿಳಿದುಕೊಳ್ಳುವ ಅವಕಾಶ ಉಳಿದವರಿಗಿಂತ ಅವರಿಗೇ ಹೆಚ್ಚಿತ್ತು. ಅವರಿಗೆ ಮಾತ್ರ ಹೆದರುವಂಥದ್ದು ಏನೂ ಕಾಣಲಿಲ್ಲ.

ರಾಜೀನಾಮೆ ಮತ್ತು ಒಂದು ಕಾಗದ

ರಾಜೀನಾಮೆ ಕೊಟ್ಟುಬಿಟ್ಟರೆ ವಜಾ ಎಂಬ ಕಳಂಕ ತಪ್ಪುತ್ತದೆ ಎಂದು ವಿಲ್ಸನ್ ಡೆರೋಜಿಯೊಗೆ ತಿಳಿಸಿದರು. ಏಪ್ರಿಲ್ 25ರಂದು ಡೆರೋಜಿಯೊ ರಾಜೀನಾಮೆ ಕಳಿಸಿದರು. ಆದರೆ ಇದು ತಾನಾಗಿ ಬಿಟ್ಟ ಕೆಲಸವಲ್ಲ ಎಂಬುದನ್ನು ಅದರಲ್ಲೇ ದಾಖಲಿಸಿದರು. ತಮ್ಮ ಮೇಲೆ ಆರೋಪಪಟ್ಟಿ ಬರಲಿಲ್ಲ, ಬಂದಿದ್ದರೂ ಅದಕ್ಕೆ ಉತ್ತರಿಸುವ ಅವಕಾಶ ಸಿಗಲಿಲ್ಲ, ಸಾಕ್ಷಿಗಳನ್ನು ಪ್ರಶ್ನಿಸಲು ಬಿಡಲಿಲ್ಲ ಎಂದು ಬರೆದರು. ವಿಚಾರಣೆಯ ನಾಟಕವನ್ನೂ ಆಡದೆ ತಮ್ಮನ್ನು ಕಳಿಸಲಾಯಿತು ಎಂಬುದು ಅವರ ನೋವು.

ವಿಲ್ಸನ್ ಸ್ನೇಹದಿಂದಲೇ ಮೂರು ಪ್ರಶ್ನೆ ಕೇಳಿ ಕಾಗದ ಬರೆದರು. ದೇವರನ್ನು ನಂಬುತ್ತೀರಾ, ತಂದೆತಾಯಿಗೆ ವಿಧೇಯರಾಗಿರುವುದು ಧರ್ಮವಲ್ಲವೆಂದು ಕಲಿಸುತ್ತೀರಾ, ಒಡಹುಟ್ಟಿದವರ ಮದುವೆ ತಪ್ಪಲ್ಲ ಎನ್ನುತ್ತೀರಾ ಎಂಬ ಮೂರು ಪ್ರಶ್ನೆ. ಮರುದಿನ ಡೆರೋಜಿಯೊ ಬರೆದ ದೀರ್ಘ ಉತ್ತರ ಇವತ್ತಿಗೂ ಓದಬೇಕಾದ ದಾಖಲೆ. ದೇವರಿಲ್ಲ ಎಂದು ಯಾರ ಮುಂದೆಯೂ ಹೇಳಿಲ್ಲ, ಆದರೆ ಆ ವಿಷಯದ ಬಗ್ಗೆ ತತ್ವಜ್ಞಾನಿಗಳು ಎತ್ತಿದ ಸಂದೇಹಗಳನ್ನು ತಿಳಿಸಿದ್ದೇನೆ, ಅವಕ್ಕೆ ಬಂದ ಪರಿಹಾರಗಳನ್ನೂ ತಿಳಿಸಿದ್ದೇನೆ ಎಂದರು. ಇಂಥ ವಿಷಯ ಚರ್ಚಿಸುವುದೇ ತಪ್ಪಾದರೆ ತಪ್ಪು ಒಪ್ಪಿಕೊಳ್ಳುತ್ತೇನೆ ಎಂದರು. ಎಳೆಯರ ಕಲಿಕೆಯ ಹೊಣೆ ಹೊತ್ತವನು ಅವರನ್ನು ಕಣ್ಣುಮುಚ್ಚಿ ನಂಬುವ ಮೊಂಡರನ್ನಾಗಿ ಮಾಡುವುದು ಸರಿಯೇ ಎಂದು ತಿರುಗಿ ಕೇಳಿದರು.

ತಂದೆತಾಯಿ ವಿಷಯದಲ್ಲಿ ಅವರಿಗೆ ನಿಜಕ್ಕೂ ಬೇಸರವಾಗಿತ್ತು. ತಂದೆಯೊಂದಿಗೆ ಒರಟಾಗಿ ನಡೆದುಕೊಂಡ ವಿದ್ಯಾರ್ಥಿಯೊಬ್ಬನಿಗೆ ಬುದ್ಧಿ ಹೇಳಿದ್ದನ್ನು, ಮನೆ ಬಿಟ್ಟು ಬರುತ್ತೇನೆಂದ ಇನ್ನೊಬ್ಬನನ್ನು ತಡೆದದ್ದನ್ನು ನೆನಪಿಸಿದರು. ಮೂರನೇ ಆರೋಪ ಹಸಿ ಸುಳ್ಳು, ಅಂಥದ್ದನ್ನು ನಂಬುವವರಿದ್ದಾರಲ್ಲ ಎಂಬುದೇ ಆಶ್ಚರ್ಯ ಎಂದರು.

ಉತ್ತರ ಇಷ್ಟು ಸ್ಪಷ್ಟವಾಗಿತ್ತು. ಆದರೆ ಪ್ರಶ್ನೆ ಕೇಳಿದ್ದು ತೀರ್ಪು ಬಂದ ಮೇಲೆ.

ಕೊನೆಯ ಎಂಟು ತಿಂಗಳು

ಕೆಲಸ ಹೋದ ಮೇಲೆ ಡೆರೋಜಿಯೊ ಸುಮ್ಮನೆ ಕೂರಲಿಲ್ಲ. 'ಈಸ್ಟ್ ಇಂಡಿಯನ್' ಎಂಬ ದಿನಪತ್ರಿಕೆ ಆರಂಭಿಸಿದರು. ತಮ್ಮ ಸಮುದಾಯದ ಹಕ್ಕುಗಳ ಬಗ್ಗೆ ಬರೆದರು. ಈ ಹೋರಾಟ ಬೇರೆ ಭಾರತೀಯರ ಹೋರಾಟಕ್ಕಿಂತ ಬೇರೆಯಲ್ಲ ಎಂಬ ನಿಲುವು ಅವರದಾಗಿತ್ತು. ಶಿಷ್ಯರೂ ಪತ್ರಿಕೆ ಶುರು ಮಾಡಿದರು. ಕೃಷ್ಣಮೋಹನ ಬ್ಯಾನರ್ಜಿ ಇಂಗ್ಲಿಷಿನಲ್ಲಿ 'ಎನ್‌ಕ್ವೈರರ್' ತಂದರೆ, ದಕ್ಷಿಣಾರಂಜನ ಮುಖರ್ಜಿ ಮತ್ತು ರಸಿಕಕೃಷ್ಣ ಮಲ್ಲಿಕ್ ಅವರಿಂದ 'ಜ್ಞಾನಾನ್ವೇಷಣ' ಬಂತು. ಕಾಲೇಜಿನೊಳಗೆ ಮುಚ್ಚಿದ ಬಾಯಿ ಊರಿನಲ್ಲಿ ತೆರೆಯಿತು.

ಹುಂಬತನವೂ ನಿಲ್ಲಲಿಲ್ಲ. ಆಗಸ್ಟ್ 23ರಂದು ಕೃಷ್ಣಮೋಹನ ಮನೆಯಲ್ಲಿಲ್ಲದ ಹೊತ್ತಿನಲ್ಲಿ ಅವರ ಗೆಳೆಯರು ಅಲ್ಲಿ ಗೋಮಾಂಸ ತಿಂದು ಮೂಳೆಗಳನ್ನು ಪಕ್ಕದ ಬ್ರಾಹ್ಮಣರ ಮನೆಗೆ ಎಸೆದರು. ಬೀದಿಯೇ ಎದ್ದು ನಿಂತಿತು. ತಪ್ಪು ಮಾಡದ ಕೃಷ್ಣಮೋಹನ ಮನೆಯಿಂದ ಹೊರಬೀಳಬೇಕಾಯಿತು. ನೆರೆಮನೆಗೆ ಮೂಳೆ ಎಸೆಯುವುದು ವಿಚಾರ ಸ್ವಾತಂತ್ರ್ಯ ಅಲ್ಲ, ಅದು ಕಿಡಿಗೇಡಿತನ. ಅಂದೂ ಅಲ್ಲ, ಇಂದೂ ಅಲ್ಲ. ಆದರೆ ನಾಲ್ಕು ಹುಡುಗರ ಕಿಡಿಗೇಡಿತನ ತೋರಿಸಿ ನಾನೂರು ಹುಡುಗರ ಪ್ರಶ್ನೆಗೆ ಬೀಗ ಹಾಕುವುದೂ ನ್ಯಾಯವಲ್ಲ.

ಡಿಸೆಂಬರಿನಲ್ಲಿ ಡೆರೋಜಿಯೊ ತಾವು ಓದಿದ ಧರ್ಮತಲಾ ಶಾಲೆಗೆ ಮಕ್ಕಳ ಪರೀಕ್ಷೆ ನಡೆಸಲು ಹೋಗಿದ್ದರು. ಅಲ್ಲಿಂದ ಬಂದ ಮೇಲೆ ಕಾಲರಾ ತಗುಲಿತು. ಹಳೆಯ ಶಿಷ್ಯರು ಹಾಸಿಗೆಯ ಪಕ್ಕದಲ್ಲಿ ಕೂತು ಆರೈಕೆ ಮಾಡಿದರು. 1831ರ ಡಿಸೆಂಬರ್ 26ರಂದು ಡೆರೋಜಿಯೊ ತೀರಿಕೊಂಡರು. ಅದೇ ವರ್ಷದ ಆರಂಭದಲ್ಲಿ ನಮ್ಮ ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣ ಗಲ್ಲಿಗೇರಿದ್ದ. ಒಂದೇ ಕಂಪನಿ ಸರ್ಕಾರದ ಕೆಳಗೆ ಒಂದು ಮೂಲೆಯಲ್ಲಿ ಕತ್ತಿ ಎತ್ತಿದವನೂ ಇನ್ನೊಂದು ಮೂಲೆಯಲ್ಲಿ ಪುಸ್ತಕ ಎತ್ತಿದವರೂ ಅದೇ ವರ್ಷ ಹೋದರು.

ಕೆಟ್ಟುಹೋದ ಹುಡುಗರು ಏನಾದರು?

ಈ ಹುಡುಗರು ಕೆಟ್ಟುಹೋದರು ಎಂದು ಊರು ಹೇಳಿತ್ತು. ಅವರಲ್ಲಿ ರಾಧಾನಾಥ ಸಿಕ್ದಾರ್ ಭೂಮಾಪನ ಇಲಾಖೆ ಸೇರಿ, ಎವರೆಸ್ಟ್ ಜಗತ್ತಿನ ಅತಿ ಎತ್ತರದ ಶಿಖರವೆಂದು ಲೆಕ್ಕ ಹಾಕಿ ತೋರಿಸಿದರು. ಪ್ಯಾರಿಚಾಂದ್ ಮಿತ್ರ ಬಂಗಾಳಿಯ ಆರಂಭದ ಕಾದಂಬರಿಗಳಲ್ಲಿ ಒಂದನ್ನು ಬೀದಿಯ ಜನರ ಮಾತಿನಲ್ಲಿ ಬರೆದರು. ರಾಮಗೋಪಾಲ ಘೋಷ್ ದೊಡ್ಡ ವರ್ತಕರೂ ಹೆಸರಾಂತ ವಾಗ್ಮಿಯೂ ಆದರು. ರಾಮತನು ಲಾಹಿರಿ ಜೀವನವಿಡೀ ಮೇಷ್ಟ್ರಾಗಿಯೇ ಉಳಿದು ಸಜ್ಜನಿಕೆಗೆ ಹೆಸರಾದರು. ದಕ್ಷಿಣಾರಂಜನ ಮುಖರ್ಜಿ 1849ರಲ್ಲಿ ಬೆಥೂನ್ ಅವರ ಹೆಣ್ಣುಮಕ್ಕಳ ಶಾಲೆಗೆ ತಮ್ಮ ಮನೆಯನ್ನೇ ಬಿಟ್ಟುಕೊಟ್ಟರು. ಕೋರ್ಟಿನಲ್ಲಿ ಗಂಗಾಜಲ ಮುಟ್ಟಿ ಪ್ರಮಾಣ ಮಾಡಲು ಒಲ್ಲೆನೆಂದು ಊರನ್ನು ಬೆಚ್ಚಿಬೀಳಿಸಿದ್ದ ರಸಿಕಕೃಷ್ಣ ಮಲ್ಲಿಕ್ ಮುಂದೆ ಲಂಚ ಮುಟ್ಟದ ಅಧಿಕಾರಿ ಎನಿಸಿಕೊಂಡರು.

ಈ ಶಿಷ್ಯರ ಬಳಗ 1838ರಲ್ಲಿ ಮತ್ತೊಂದು ಸಂಘ ಕಟ್ಟಿತು. ಅದರ ಸಭೆಗಳು ಹಿಂದೂ ಕಾಲೇಜಿನ ಹಾಲ್‌ನಲ್ಲೇ ನಡೆಯುತ್ತಿದ್ದವು. 1843ರ ಫೆಬ್ರವರಿ 8ರಂದು ದಕ್ಷಿಣಾರಂಜನ ಅಲ್ಲಿ ಒಂದು ಪ್ರಬಂಧ ಓದುತ್ತಿದ್ದರು. ವಿಷಯ ಕಂಪನಿ ಸರ್ಕಾರದ ಕೋರ್ಟು ಮತ್ತು ಪೊಲೀಸ್ ವ್ಯವಸ್ಥೆಯ ದುರವಸ್ಥೆ. ಕೇಳುತ್ತಿದ್ದ ಪ್ರಿನ್ಸಿಪಾಲ್ ಕ್ಯಾಪ್ಟನ್ ರಿಚರ್ಡ್‌ಸನ್ ಸಿಟ್ಟಿನಿಂದ ಎದ್ದು ನಿಂತ. ಕಾಲೇಜನ್ನು ರಾಜದ್ರೋಹದ ಗುಹೆ ಮಾಡಲು ಬಿಡುವುದಿಲ್ಲ ಎಂದು ಗುಡುಗಿದ.

ಅಧ್ಯಕ್ಷತೆ ವಹಿಸಿದ್ದವರು ತಾರಾಚಂದ್ ಚಕ್ರವರ್ತಿ. ಅವರು ದನಿ ಏರಿಸಲಿಲ್ಲ, ಹಿಂಜರಿಯಲೂ ಇಲ್ಲ. ಈ ಸಭೆಯಲ್ಲಿ ನೀವು ಅತಿಥಿ, ಮಾತನಾಡುವವರನ್ನು ತಡೆಯುವ ಹಕ್ಕು ನಿಮಗಿಲ್ಲ, ಹಾಲ್ ಕೊಟ್ಟದ್ದು ಆಡಳಿತ ಮಂಡಳಿಯೇ ಹೊರತು ನೀವಲ್ಲ, ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳಿ, ಇಲ್ಲವಾದರೆ ಮಂಡಳಿಗೆ, ಬೇಕಾದರೆ ಸರ್ಕಾರಕ್ಕೇ ದೂರು ಕೊಡುತ್ತೇವೆ ಎಂದು ಪ್ರಿನ್ಸಿಪಾಲನಿಗೆ ಸಭಾಮರ್ಯಾದೆ ನೆನಪಿಸಿದರು. ಸಂಘ ನಂತರ ತನ್ನ ಸಭೆಗಳನ್ನು ಬೇರೆ ಕಡೆಗೆ ಒಯ್ದಿತು. ಆದರೆ ಬಾಯಿ ಮುಚ್ಚಿಕೊಳ್ಳಲಿಲ್ಲ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಬಂದ ವರ್ಷವೂ ಅದೇ 1843.

ಎರಡು ಘಟನೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 1831ರಲ್ಲಿ ಧರ್ಮದ ಹೆಸರಿನಲ್ಲಿ ಬಾಯಿ ಮುಚ್ಚಿಸಿದವರು ನಮ್ಮ ಹಿರಿಯರು. 1843ರಲ್ಲಿ ರಾಜದ್ರೋಹದ ಹೆಸರಿನಲ್ಲಿ ಬಾಯಿ ಮುಚ್ಚಿಸಲು ಬಂದವನು ವಿದೇಶಿ ಪ್ರಿನ್ಸಿಪಾಲ. ಕಾರಣ ಬೇರೆ, ಮುಚ್ಚಿಸುವ ಬಗೆ ಒಂದೇ. ಮೊದಲನೆಯದು ನಡೆದಾಗ ಸುಮ್ಮನಿದ್ದ ಊರಿಗೆ ಎರಡನೆಯದನ್ನು ತಡೆಯುವ ಧೈರ್ಯ ಕೊಟ್ಟದ್ದು, ಪ್ರಶ್ನೆ ಕೇಳಿ ಕೆಟ್ಟುಹೋದರು ಎನಿಸಿಕೊಂಡವರೇ. ಪೊಲೀಸರನ್ನು ಟೀಕಿಸುವ ಧೈರ್ಯ ಒಂದು ಬೆಳಗ್ಗೆ ದಿಢೀರನೆ ಹುಟ್ಟುವುದಿಲ್ಲ. ಅದು ತೋಟದ ಮನೆಯ ಚರ್ಚೆಯಲ್ಲಿ, ಹಣೆಬರಹ ಇದೆಯೋ ಇಲ್ಲವೋ ಎಂಬಂಥ ವಾದದಲ್ಲಿ, ತಪ್ಪು ಮಾತಾಡಿ ತಿದ್ದಿಸಿಕೊಳ್ಳುತ್ತಾ ಬೆಳೆಯುತ್ತದೆ.

ಅದೇ ಕಾಲೇಜು, ಅದೇ ಹೆಸರು

ಹಿಂದೂ ಕಾಲೇಜು 1855ರಲ್ಲಿ ಪ್ರೆಸಿಡೆನ್ಸಿ ಕಾಲೇಜಾಗಿ ಎಲ್ಲ ಸಮುದಾಯದವರಿಗೂ ಬಾಗಿಲು ತೆರೆಯಿತು. 2010ರಲ್ಲಿ ಪ್ರೆಸಿಡೆನ್ಸಿ ವಿಶ್ವವಿದ್ಯಾಲಯವಾಯಿತು. ಕೋಲ್ಕತಾದ ಕಾಲೇಜ್ ಸ್ಟ್ರೀಟಿನಲ್ಲಿ ಹಳೆ ಪುಸ್ತಕದ ಅಂಗಡಿಗಳನ್ನು ದಾಟಿ ಒಳಗೆ ಹೋದರೆ ಡೆರೋಜಿಯೊ ಹೆಸರಿನ ಸಭಾಂಗಣವೇ ಇದೆ. ಹೊರಹಾಕಿದ ಸಂಸ್ಥೆಯೇ ಹೆಸರಿಟ್ಟುಕೊಂಡು ಹೆಮ್ಮೆಪಡುತ್ತಿದೆ. ಸೌತ್ ಪಾರ್ಕ್ ಸ್ಟ್ರೀಟಿನ ಹಳೆಯ ಸ್ಮಶಾನದಲ್ಲಿ ಅವರ ಸಮಾಧಿ ಇದೆ.

ಹೆಸರಿಡುವುದು ಸುಲಭ. ಸತ್ತವರು ಪ್ರಶ್ನೆ ಕೇಳುವುದಿಲ್ಲ. ಕಷ್ಟವಿರುವುದು ಬದುಕಿರುವ ಹುಡುಗ ಹುಡುಗಿಯರು ಎದ್ದುನಿಂತು ಕೇಳಿದಾಗ. ಇವತ್ತು ಯಾವುದೇ ಕಾಲೇಜಿನಲ್ಲಿ ಒಂದು ಸಭೆ ರದ್ದು ಮಾಡುವ, ಒಂದು ಭಿತ್ತಿಪತ್ರಿಕೆ ಕೀಳುವ, ಒಬ್ಬ ವಿದ್ಯಾರ್ಥಿಯನ್ನು ಅಮಾನತು ಮಾಡುವ ಕಡತ ಮೇಜಿಗೆ ಬಂದಾಗ ಸಹಿ ಹಾಕುವವರು 1831ರ ಆ ಸಭೆಯ ನಡಾವಳಿಯನ್ನು ಒಮ್ಮೆ ಓದಿಕೊಳ್ಳಬೇಕು. ತಪ್ಪು ಮಾಡಿದ್ದಾರೆಯೇ ಎಂಬ ಮೊದಲ ಪ್ರಶ್ನೆಗೆ ಹೌದೆನ್ನಲು ಅಲ್ಲಿ ಆಧಾರ ಸಿಗಲಿಲ್ಲ. ಜನ ಏನೆನ್ನುತ್ತಾರೆ ಎಂಬ ಎರಡನೇ ಪ್ರಶ್ನೆಗೆ ಮಾತ್ರ ಆರು ಕೈ ಎದ್ದವು. ಏಳನೆಯವರು ಒಬ್ಬರೇ ಬೇಡ ಎಂದರು. ನಮ್ಮ ಕಾಲೇಜುಗಳ ಸಭೆಗಳಲ್ಲಿ ಆ ಏಳನೆಯವರ ಕುರ್ಚಿ ಖಾಲಿ ಇರಬಾರದು.